ಡೆನೀಸಳ ಅರ್ಜಿಯಲ್ಲಿ ನನ್ನ ಹೆಸರು

ನನ್ನಲ್ಲಿ ದುರ್ಗುಣಗಳು ಬಹಳ ಇವೆ ಎಂದು ನನ್ನ ಹೆಂಡತಿ ಸುಮಾ ಹೇಳುತ್ತಾಳೆ. ಮೂವತ್ತೊಂದು ವರ್ಷದ ಅನುಭವದ ಮಾತಾದ್ದರಿಂದ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ನನ್ನದೂ ಒಂದು ಸದ್ಗುಣವಿದೆ: ನಾನು ಯಾರ ಹೆಸರನ್ನೂ ಬಿಡುವುದಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಬಹಳ ಹಿಂದೆ ಇಲ್ಲಿ ಅಮೇರಿಕಾದ ಹಿಕ್ಸ್‌ವಿಲ್‌ನಲ್ಲಿ ನನ್ನ ಭಾವಮೈದುನನ ಮಗನ ಉಪನಯನ. ಆಹ್ವಾನ ಪತ್ರಿಕೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಕೆಳಗೆ ‘ಆಗಮನಾಭಿಲಾಷಿಗಳು’ ಎಂದು ಇಪ್ಪತ್ತೆರಡು ಹೆಸರು ಹಾಕಿ, ಸುಮಾಳ ಸೋದರಮಾವನೊಬ್ಬರದನ್ನು ಮರೆತೆ. ಅವರು ಕೋಪಿಸಿಕೊಂಡು ಬಾರದೇ ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಬಂದರು. ಬಂದು, ಸಭಾಂಗಣದ ಒಳಗೆ ಕಾಲಿಡದೆ, ಪಾರ್ಕಿಂಗ್ ಲಾಟಿನಲ್ಲಿ ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೂತರು. ಒಳಗೆ ಹೋಗುವ ಪ್ರತಿಯೊಬ್ಬರೂ ಕಾರಣ ಕೇಳಿದರು, ಅವರು ಪ್ರತಿಯೊಬ್ಬರಿಗೂ ಹೇಳಿದರು. ಕೊನೆಗೆ ಸುಮಾ ತಟ್ಟೆ ಹಿಡಿದು ಹೋದಾಗ ಊಟ ಬೇಡ ಎಂದವರು ಹೋಳಿಗೆ ಬೇಡ ಎನ್ನಲಿಲ್ಲ. ಎರಡನೆಯ ಸಲ ತುಪ್ಪ ಬಡಿಸುವಷ್ಟರಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕ್ಷಮಿಸಿದರು. ಅಂದಿನಿಂದ ಯಾವುದೇ ಪಟ್ಟಿ ನನ್ನ ಕೈಗೆ ಸಿಕ್ಕರೂ ಅದು ಗಾತ್ರದಲ್ಲಿ ಎರಡರಷ್ಟಾಗಿ ಹೊರಬರುತ್ತದೆ. ನಮ್ಮ ಕನ್ನಡ ಕೂಟದಲ್ಲಿ ವಂದನಾರ್ಪಣೆಗೆ ನಾನು ಎದ್ದು ನಿಂತರೆ ಅನುಭವಿಗಳು ಊಟದ ಸಾಲಿಗೆ ಹೊರಡುತ್ತಾರೆ.

ಈ ಸದ್ಗುಣದಿಂದ ಒಬ್ಬ ಹೆಂಗಸಿನ ಸಿನಿಮಾ ಕೈತಪ್ಪಿ ಹೋಗುವುದರಲ್ಲಿತ್ತು. ಆ ಕಥೆ ಹೇಳುತ್ತೇನೆ.

ನಾನು ನ್ಯೂಜೆರ್ಸಿಯ ಒಂದು ಔಷಧ ಕಂಪನಿಯಲ್ಲಿ ದಾಖಲೆಗಳನ್ನು ಬರೆಯುವವನು. ನೌಕರರ ತರಬೇತಿಗಾಗಿ ವಿಡಿಯೊ ತೆಗೆಯುವವಳು ಡೆನೀಸ್. ಅವಳ ವಿಡಿಯೊಗಳಿಗೆ ಮಾತು ಬರೆದುಕೊಡುವವನು ನಾನು. ಹನ್ನೊಂದು ವರ್ಷಗಳಲ್ಲಿ ಕೈ ತೊಳೆಯುವುದು ಹೇಗೆ ಎಂಬ ಒಂದೇ ವಿಷಯದ ಮೇಲೆ ನಾವಿಬ್ಬರೂ ಸೇರಿ ನಾಲ್ಕು ಚಿತ್ರ ಮಾಡಿದ್ದೇವೆ. ನಾಲ್ಕನೆಯದು ತಕ್ಕಮಟ್ಟಿಗೆ ಚೆನ್ನಾಗಿದೆ. ಡೆನೀಸ್ ಲೆನಾಪೆ ಜನಾಂಗದವಳು, ಎಂದರೆ ಈ ನೆಲದ ಮೂಲನಿವಾಸಿ. ನಾವು ಮನ್ರೋದಲ್ಲಿ ಮನೆ ಕೊಂಡಾಗ ಸುಮಾ ವಾಸ್ತು ನೋಡಿದ್ದಳು, ನಾನು ಶಾಲೆ ನೋಡಿದ್ದೆ. ಇಲ್ಲಿ ಮೊದಲು ಯಾರಿದ್ದರು ಎಂದು ಇಬ್ಬರೂ ನೋಡಿರಲಿಲ್ಲ. ಇದ್ದವರ ಪೈಕಿ ಒಬ್ಬಳು ನನ್ನ ಪಕ್ಕದ ಮೇಜಿನಲ್ಲೇ ಕೂತು ಸೋಪಿನ ನೊರೆಯ ಮೇಲೆ ಫೋಕಸ್ ಮಾಡುತ್ತಿದ್ದಾಳೆ ಎಂಬುದು ಗೊತ್ತಾಗಲು ನನಗೆ ಐದು ವರ್ಷ ಬೇಕಾಯಿತು.

ಕಳೆದ ಚಳಿಗಾಲದಲ್ಲಿ ಒಂದು ದಿನ ಅವಳು ಒಂದು ಅರ್ಜಿ ತಂದು ತೋರಿಸಿದಳು. ಮೂಲನಿವಾಸಿಗಳು ತಾವೇ ತೆಗೆಯುವ, ತಮ್ಮದೇ ಒಡೆತನದಲ್ಲಿರುವ ಸಾಕ್ಷ್ಯಚಿತ್ರಗಳಿಗೆ ಒಂದು ಸಂಸ್ಥೆ ಅನುದಾನ ಕೊಡುತ್ತದಂತೆ. ಡೆನೀಸಳ ದೊಡ್ಡಮ್ಮ ರೂತ್ ದಕ್ಷಿಣ ಜೆರ್ಸಿಯಲ್ಲಿ ಇದ್ದಾರೆ. ವಯಸ್ಸು ಎಂಬತ್ತಮೂರು. ಮನೆತನದಲ್ಲಿ ಕೈಯಿಂದ ಕೈಗೆ ಬಂದ ಮುಸುಕಿನ ಜೋಳ ಮತ್ತು ಬೀನ್ಸ್ ಬೀಜಗಳನ್ನು ಪ್ರತಿ ವರ್ಷ ಹಿತ್ತಲಲ್ಲಿ ಬಿತ್ತುತ್ತಾರೆ, ಬಿತ್ತುವಾಗ ಆಡುವ ಮಾತುಗಳನ್ನು ಬಲ್ಲವರು ಮನೆಯಲ್ಲಿ ಅವರೊಬ್ಬರೇ. ಬಿತ್ತನೆಯಿಂದ ಕೊಯ್ಲಿನವರೆಗೆ ಅವರ ಜೊತೆಗಿದ್ದು ಚಿತ್ರ ತೆಗೆಯಬೇಕೆಂದು ಡೆನೀಸಳ ಆಸೆ. “ಈ ವರ್ಷ ಬಗ್ಗಿ ಬಿತ್ತುತ್ತೇನೆ. ಮುಂದಿನ ವರ್ಷದ ಮಾತನ್ನು ನನ್ನ ಮಂಡಿಯನ್ನು ಕೇಳು” ಎಂದಿದ್ದರಂತೆ ದೊಡ್ಡಮ್ಮ. ಅನುದಾನ ಸಿಗದಿದ್ದರೆ ಡೆನೀಸ್ ಸಂಬಳವಿಲ್ಲದ ರಜೆ ಹಾಕುವ ಹಾಗಿರಲಿಲ್ಲ. ರಜೆ ಇಲ್ಲದಿದ್ದರೆ ಐದನೆಯ ಸಲ ಕೈ ತೊಳೆಯುವುದೇ ಗತಿ.

“ಸ್ಪೆಲಿಂಗ್ ಒಂದು ನೋಡಿಬಿಡು, ಸಾಕು” ಎಂದಳು. ನನ್ನನ್ನು ನಂಬಿ ಅರ್ಜಿ ಕಳಿಸುವ ವೆಬ್‌ಸೈಟಿನ ಪಾಸ್‌ವರ್ಡನ್ನೂ ಕೊಟ್ಟಳು. ನಮ್ಮವರ ಹತ್ತಿರ ಸ್ಪೆಲಿಂಗ್ ಒಂದು ನೋಡು ಎನ್ನುವುದು, ನೆಂಟರ ಮನೆಯಲ್ಲಿ ಬರೀ ಕಾಫಿ ಸಾಕು ಎಂದ ಹಾಗೆ. ಅಷ್ಟಕ್ಕೇ ನಿಲ್ಲಿಸುವುದು ಅವಮರ್ಯಾದೆ ಎಂದುಕೊಳ್ಳುವ ಜನ ನಾವು. ಮನೆಗೆ ಬಂದು ತೆರೆದು ನೋಡಿದರೆ ‘ತಂಡ’ ಎಂಬ ಅಂಕಣದಲ್ಲಿ ಎರಡೇ ಹೆಸರು: ಡೆನೀಸ್, ರೂತ್. ನನಗೆ ಕಸಿವಿಸಿಯಾಯಿತು. ವಧು ವರರ ಹೆಸರು ಮಾತ್ರ ಇರುವ ಲಗ್ನಪತ್ರಿಕೆ ನೋಡಿದರೆ ಓಡಿಹೋಗಿ ಮದುವೆಯಾಗುತ್ತಿದ್ದಾರೆ ಎಂದೇ ಜನ ತಿಳಿಯುವುದು. ಹಿಂದೆ ಮುಂದೆ ಯಾರೂ ಇಲ್ಲದವರಿಗೆ ಅನುದಾನ ಯಾರು ಕೊಡುತ್ತಾರೆ?

ಶನಿವಾರ ನಾಲ್ಕು ಫೋನ್ ಮಾಡಿದೆ. ಹ್ಯಾರಿಸನ್‌ನಲ್ಲಿರುವ ಮಾಧುರಿ ಭರತನಾಟ್ಯದ ರಂಗಪ್ರವೇಶಗಳ ವಿಡಿಯೊ ಎಡಿಟ್ ಮಾಡುತ್ತಾಳೆ, ಅವಳು ಸಂಕಲನಕ್ಕೆ. ದಂತವೈದ್ಯ ಪ್ರಭಾಕರ್ ಒಮ್ಮೆ ಕೂಟದಲ್ಲಿ ಜಾನಪದದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದರು, ಅವರು ಸಾಂಸ್ಕೃತಿಕ ಸಲಹೆಗೆ. ಧಾರವಾಡದ ಪಾಟೀಲರು ಕೃಷಿ ಪದವೀಧರರು, ಈಗ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ, ಅವರು ಜೋಳಕ್ಕೆ. “ಜ್ವಾಳದ ವಿಷಯಾನ? ಹಾಕ್ರಿ, ಹಾಕ್ರಿ, ನಮ್ಮ ಹೆಸರು ಮ್ಯಾಲೆ ಹಾಕ್ರಿ” ಎಂದರು. ಕೂಟದ ಅಧ್ಯಕ್ಷರನ್ನು ಬಿಟ್ಟರೆ ಮುಂದಿನ ಯುಗಾದಿಗೆ ನನಗೆ ಮೈಕು ಸಿಗುವುದಿಲ್ಲವಾದ್ದರಿಂದ ಅವರನ್ನು ಮಾರ್ಗದರ್ಶಕರನ್ನಾಗಿ ಮಾಡಿದೆ. ಚಿತ್ರೀಕರಣದ ದಿನ ಉಪ್ಪಿಟ್ಟು ಮಾಡಲು ಯಾರಾದರೂ ಬೇಕಲ್ಲ ಎಂದು ಸುಮಾಳನ್ನು ಸೇರಿಸಿದೆ, ಅವಳಿಗೆ ಹೇಳದೆ. ಇಷ್ಟು ಜನರನ್ನು ಹಿಡಿದಿಡಲು ಒಬ್ಬ ಬೇಕೇ ಬೇಕು ತಾನೆ? ಬಹಳ ಸಂಕೋಚದಿಂದ ನನ್ನ ಹೆಸರಿನ ಮುಂದೆ ಕಾರ್ಯನಿರ್ವಾಹಕ ನಿರ್ಮಾಪಕ ಎಂದು ಬರೆದುಕೊಂಡೆ. ಜೊತೆಗೆ ಚಿತ್ರದ ವಿವರಣೆಯೂ ಸಪ್ಪೆಯಾಗಿ ಕಂಡದ್ದರಿಂದ ‘ಅಳಿವಿನ ಅಂಚಿನಲ್ಲಿರುವ ಜನಾಂಗದ ಕೊನೆಯ ಕೊಂಡಿ’ ಎಂದು ಮುಂತಾಗಿ ಒಂದಿಷ್ಟು ಕರುಣರಸ ಬೆರೆಸಿದೆ. ಗಡುವಿಗೆ ಮೊದಲೇ ಕರಡು ಕಳಿಸಿದರೆ ಅವರು ಓದಿ ಸಲಹೆ ಕೊಡುತ್ತಾರೆ ಎಂದಿತ್ತು. ಕಳಿಸಿಯೂ ಬಿಟ್ಟೆ. “ಸ್ವಲ್ಪ ಪಾಲಿಶ್ ಮಾಡಿದ್ದೇನೆ” ಎಂದು ಡೆನೀಸಳಿಗೆ ಹೇಳಿದೆ. ಅವಳು ಪಾಪ, ಥ್ಯಾಂಕ್ಸ್ ಎಂದಳು.

ಮಂಗಳವಾರ ಸಂಸ್ಥೆಯ ಅಧಿಕಾರಿಣಿಯಿಂದ ವಿಡಿಯೊ ಕರೆ ಬಂತು. ನಾನು ಡೆನೀಸಳ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೇ ಅನ್ನಿ, ಕೂತಿದ್ದೆ. ಆಕೆ ಬಹಳ ಮೆಲುದನಿಯ ಹೆಂಗಸು. “ತಂಡದಲ್ಲಿ ಎಂಟು ಹೆಸರುಗಳಿವೆ. ಆರು ಜನ ಒಂದೇ ಊರಿನ ಕಡೆಯವರ ಹಾಗೆ ಕಾಣುತ್ತಾರೆ” ಎಂದರು. ಒಂದೇ ರಾಜ್ಯ, ಬೇರೆ ಬೇರೆ ಜಿಲ್ಲೆ ಎಂದು ನಾನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, “ನನ್ನದು ಒಂದೇ ಪ್ರಶ್ನೆ. ಈ ಚಿತ್ರ ಯಾರದು?” ಎಂದರು.

“ಡೆನೀಸಳದು, ನೂರಕ್ಕೆ ನೂರು” ಎಂದೆ ನಾನು.

“ಹಾಗಾದರೆ ನೀವು ಯಾಕೆ ಉತ್ತರ ಕೊಡುತ್ತಿದ್ದೀರಿ?”

ಆ ಅಂಕಣ ನಿರ್ಧಾರ ತೆಗೆದುಕೊಳ್ಳುವವರಿಗೆ ಮೀಸಲಾಗಿತ್ತಂತೆ. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೂಲನಿವಾಸಿಗಳಲ್ಲದಿದ್ದರೆ ಅರ್ಜಿಯನ್ನು ಪರಿಗಣಿಸುವುದೇ ಇಲ್ಲವಂತೆ. ಸೂಚನೆಗಳಲ್ಲಿ ಇದೆಲ್ಲ ಸ್ಪಷ್ಟವಾಗಿತ್ತು. ಸೂಚನೆಗಳನ್ನು ಪೂರ್ತಿ ಓದಿರಿ ಎಂದು ಜನರಿಗೆ ಬರೆದು ಹೇಳುವುದೇ ನನ್ನ ಹೊಟ್ಟೆಪಾಡು. ಶುಕ್ರವಾರ ಗಡುವು, ಅಷ್ಟರಲ್ಲಿ ಸರಿಮಾಡಿ ಕಳಿಸಿ ಎಂದು ಆಕೆ ಕರೆ ಮುಗಿಸಿದರು.

ಡೆನೀಸ್ ರೇಗಾಡಿದ್ದರೆ ಒಳ್ಳೆಯದಿತ್ತು. ಅವಳು ಪರದೆಯ ಮೇಲಿದ್ದ ಪಟ್ಟಿಯನ್ನು ಮೊದಲ ಸಲ ಓದಿದಳು. ಆಮೇಲೆ ತನ್ನ ಅಜ್ಜಿಯ ವಿಷಯ ಹೇಳಿದಳು. ಡೆನೀಸ್ ಹುಟ್ಟುವುದಕ್ಕೂ ಮೊದಲು ಒಬ್ಬ ವಿದ್ವಾಂಸ ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದನಂತೆ. ಬಹಳ ಒಳ್ಳೆಯವನು, ಅಜ್ಜಿ ಕೊಟ್ಟದ್ದನ್ನೆಲ್ಲ ಹೊಗಳಿಕೊಂಡು ತಿಂದನಂತೆ. ಅಜ್ಜಿ ನಾಲ್ಕು ದಿನ ಮಾತಾಡಿದಳು. ಆ ಟೇಪುಗಳು ಈಗ ಒಂದು ಸಂಗ್ರಹಾಲಯದಲ್ಲಿವೆ. ಮನೆಯವರು ಕೇಳಬೇಕೆಂದರೆ ಪತ್ರ ಬರೆದು, ಸಮಯ ನಿಗದಿ ಮಾಡಿಸಿಕೊಂಡು, ಅಲ್ಲೇ ಕೂತು ಕೇಳಿ ಬರಬೇಕು. ಪ್ರತಿ ಕೊಡುವುದಿಲ್ಲ. ಪೆಟ್ಟಿಗೆಯ ಮೇಲೆ ವಿದ್ವಾಂಸನ ಹೆಸರಿದೆ. ಅಜ್ಜಿಯ ಜಾಗದಲ್ಲಿ ‘ಒಬ್ಬ ವೃದ್ಧ ಮಹಿಳೆ’ ಎಂದಿದೆ. “ಅವನೂ ಸಹಾಯ ಮಾಡುವುದಕ್ಕೇ ಬಂದಿದ್ದ” ಎಂದಳು ಡೆನೀಸ್. ನನಗೆ ನಾಚಿಕೆಯಾಯಿತು. ತಮಾಷೆಯ ನಾಚಿಕೆಯಲ್ಲ, ನಿಜವಾದದ್ದು. ಯಾರ ಹೆಸರನ್ನೂ ಬಿಡುವುದಿಲ್ಲ ಎಂದು ಬೀಗುವ ನಾನು, ಯಾರ ಹೆಸರು ಮುಖ್ಯವೋ ಆ ಎರಡನ್ನು ಆರು ಹೆಸರುಗಳ ಅಡಿಯಲ್ಲಿ ಹೂತುಹಾಕಿದ್ದೆ.

ಅಂದೇ ಸಂಜೆ ಹೆಸರು ತೆಗೆಯಲು ಕೂತೆ. ಮಾಧುರಿ, “ಅಯ್ಯೋ ಅಂಕಲ್, ಟೋಟಲಿ ಫೈನ್, ನಂಗೆ ಟೈಮೇ ಇರ್ಲಿಲ್ಲ” ಎಂದಳು. ಪಾಟೀಲರು, “ಆತ್ ಬಿಡ್ರಿ. ಹೆಸರು ಮ್ಯಾಲೆ ಹಾಕ್ರಿ ಅಂದ್ರ ಇಷ್ಟು ಮ್ಯಾಲೆ ಕಳಿಸ್ತೀರಿ ಅಂತ ಗೊತ್ತಿರಲಿಲ್ಲ” ಎಂದರು. ಪ್ರಭಾಕರ್ ಮಾತ್ರ ಆಗಲೇ ತಮ್ಮ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಸಾಕ್ಷ್ಯಚಿತ್ರ ಸಲಹೆಗಾರರು ಎಂದು ಹಾಕಿಕೊಂಡಿದ್ದರು. “ನನ್ನ ಕಡೆಯಿಂದ ಏನು ತಪ್ಪಾಯ್ತು ಹೇಳಿ” ಎಂದು ಇಪ್ಪತ್ತು ನಿಮಿಷ ಕೇಳಿದರು. ಅಧ್ಯಕ್ಷರು ಹಿತೈಷಿ ಎಂದಾದರೂ ಉಳಿಸಿ ಎಂದು ಚೌಕಾಸಿಗೆ ಬಂದರು. ಸುಮಾಳ ಸರದಿ ಬಂದಾಗ ನಡೆದದ್ದೆಲ್ಲ ಹೇಳಿದೆ.

“ನನ್ನ ಹೆಸರು ಹಾಕಿ ಅಂತ ನಾನು ಹೇಳಿದ್ನಾ? ಉಪ್ಪಿಟ್ಟಿಗೆ ಇಡೀ ಅಮೇರಿಕಾದಲ್ಲಿ ನಾನೇ ಸಿಕ್ಕಿದ್ನಾ?” ಎಂದಳು. “ಅದಿರ್ಲಿ, ನಿಮ್ದು ತೆಗೆದ್ರಾ?”

“ತೆಗೀತಾ ಇದೀನಿ.”

ತೆಗೆಯುತ್ತಲೇ ಇದ್ದೆ. ಐವರನ್ನು ಒಂದೂವರೆ ಗಂಟೆಯಲ್ಲಿ ತೆಗೆದವನಿಗೆ ನನ್ನದೊಂದು ಹೋಗಲಿಲ್ಲ. ನಿರ್ಮಾಪಕ ಬೇಡ, ಸಲಹೆಗಾರ ಎಂದು ಮಾಡಿದೆ. ಅದೂ ಹೆಚ್ಚಾಯಿತು ಎನಿಸಿ ಸಂಯೋಜಕ ಎಂದು ಮಾಡಿದೆ. ಕಡೆಗೆ ಅಂಕಣದಿಂದಲೇ ಹೊರಬಂದು, ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ‘ಬರವಣಿಗೆಯಲ್ಲಿ ನೆರವು’ ಎಂದು ಬರೆದು ಅದರ ಮುಂದೆ ನನ್ನ ಹೆಸರನ್ನು ಕೂರಿಸಿದೆ. ಅಲ್ಲಿ ಯಾರಿಗೂ ತೊಂದರೆಯಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ ಅರ್ಜಿಯ ಪ್ರಿಂಟಿನ ಮೇಲೆ ರೂತ್ ಆಂಟಿಯ ಸಹಿ ಬೇಕಿತ್ತು. ಡೆನೀಸ್ ಕರೆಯಲಿಲ್ಲ, ನಾನೇ ಡ್ರೈವ್ ಮಾಡುತ್ತೇನೆ ಎಂದು ಹೊರಟೆ. ಆಂಟಿ ಅಡುಗೆಮನೆಯ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ಮೊದಲ ಸಾಲಿನಿಂದ ಓದತೊಡಗಿದರು. ಸಹಿ ಎಲ್ಲಿ ಎಂದು ಕೇಳಿ ಗೀಚುವ ಪೈಕಿ ಅಲ್ಲ. ನನ್ನ ಕರುಣರಸದ ಹತ್ತಿರ ನಿಂತರು.

“ಯಾರು ಅಳಿಯುತ್ತಿರುವುದು?” ಎಂದರು. “ನನಗೆ ಹನ್ನೊಂದು ಮೊಮ್ಮಕ್ಕಳು. ಭಾನುವಾರ ಬಂದು ಫ್ರಿಜ್ ಖಾಲಿ ಮಾಡಿ ಹೋದರು. ಒಬ್ಬರೂ ಅಳಿದ ಹಾಗೆ ಕಾಣಲಿಲ್ಲ.” ಆ ಸಾಲನ್ನು ಹೊಡೆದರು. ಅದರ ಮುಂದಿನ ಮೂರನ್ನೂ ಹೊಡೆದರು. ಹೊಡೆದಷ್ಟೂ ಅರ್ಜಿ ಚೆನ್ನಾಗುತ್ತಾ ಬಂತು ಎಂದು ವೃತ್ತಿಯ ದೃಷ್ಟಿಯಿಂದ ಒಪ್ಪಲೇಬೇಕು. ಕೊನೆಗೆ ಪುಟದ ಬುಡಕ್ಕೆ ಬಂದರು.

“ಇದು ಯಾರು?”

“ನಾನೇ ಆಂಟಿ.”

ಅವರು ನನ್ನನ್ನು ನೋಡಿದರು. ಡೆನೀಸ್ ಕಿಟಕಿಯ ಕಡೆ ನೋಡಿದಳು. ಆಂಟಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನನ್ನದು ಊರು, ತಂದೆ, ಗೋತ್ರಪುರುಷ ಎಲ್ಲರೂ ಸೇರಿದ ಉದ್ದ ಹೆಸರು. ಹೊಡೆದುಹಾಕಲು ಎರಡು ಗೆರೆ ಬೇಕಾಯಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆಂಟಿ ಸಹಿ ಮಾಡಿ, ಬೀನ್ಸ್ ಮತ್ತು ಜೋಳದ ಸಾರು ಬಡಿಸಿದರು. ಎರಡು ಸಲ ಹಾಕಿಸಿಕೊಂಡೆ.

ಅನುದಾನ ಬಂತು. ಮೇ ತಿಂಗಳಿಂದ ಡೆನೀಸ್ ರಜೆಯಲ್ಲಿದ್ದಾಳೆ. ಆಂಟಿಯ ಮಂಡಿ ಸಹಕರಿಸುತ್ತಿದೆಯಂತೆ. ಆಫೀಸಿನಲ್ಲಿ ಅವಳ ಕುರ್ಚಿ ಖಾಲಿ, ಐದನೆಯ ಕೈ ತೊಳೆಯುವ ಚಿತ್ರವನ್ನು ನಾನು ಒಬ್ಬ ಅಪರಿಚಿತನ ಜೊತೆ ಮಾಡುತ್ತಿದ್ದೇನೆ. ಚಿತ್ರದಲ್ಲಿ ನನಗೆ ಜಾಗವಿಲ್ಲದಿದ್ದರೇನು, ಅರ್ಜಿಯ ಬಗ್ಗೆ ಒಂದು ಪ್ರಬಂಧ ಬರೆಯಬಹುದಲ್ಲ ಎನಿಸಿ ಇದನ್ನು ಬರೆದೆ. ಬರೆದ ಮೇಲೆ, ಈ ಸಲವಾದರೂ ಕೇಳಿಯೇ ಮುಂದುವರಿಯೋಣ ಎಂದು ಡೆನೀಸಳಿಗೆ ಫೋನ್ ಮಾಡಿ, ಇಂಗ್ಲಿಷಿನಲ್ಲಿ ಹೇಳುತ್ತಾ ಇಡೀ ಪ್ರಬಂಧವನ್ನು ಓದಿದೆ. ಅವಳು ಪೂರ್ತಿ ಕೇಳಿದಳು. ಅಜ್ಜಿ ಆ ಟೇಪಿನಲ್ಲಿ ಏನು ಹೇಳಿದ್ದಾಳೆ ಎಂದು, ಅವಳೇ ಹಿಂದೊಮ್ಮೆ ನನಗೆ ಹೇಳಿದ್ದರ ಮೇಲೆ, ನಾನು ಎರಡು ವಾಕ್ಯ ಬರೆದಿದ್ದೆ. ಅವೆರಡನ್ನು ತೆಗೆ ಎಂದಳು. ತೆಗೆದಿದ್ದೇನೆ. ಇಡೀ ಪ್ರಬಂಧದಲ್ಲಿ ಚೆನ್ನಾಗಿದ್ದವು ಅವೇ. ನನ್ನ ವಿಷಯದಲ್ಲಿ ಬರೆದದ್ದನ್ನೂ ಒಂದಿಷ್ಟು ಕಡಿಮೆ ಮಾಡಲೇ ಎಂದು ಕೇಳಿದೆ. “ಬೇಡ, ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಅದು ಪೂರ್ತಿ ನಿನ್ನದೇ” ಎಂದಳು.