ಎಲ್ಡನ್ ಹ್ರಾಬಿಕ್ ಅವರ ಕಣ್ಣಿನ ವಿಚಾರ

ಇಂದ:
ಲವೋನ್ ಹ್ರಾಬಿಕ್,
ಫುಟ್‌ಬಾಲ್ ತಂಡದ ಐವತ್ನಾಲ್ಕನೇ ನಂಬರಿನ ಟ್ಯಾನರನ ತಾಯಿ,
ಹೇಡನ್ ಕ್ರೀಕ್, ನೆಬ್ರಾಸ್ಕ.

ಗೆ:
ಕ್ರೀಡಾ ನಿರ್ದೇಶಕರು,
ಹೇಡನ್ ಕ್ರೀಕ್ ಕಾಲೇಜು.

ವಿಷಯ: ಈ ಶನಿವಾರದ ಪಂದ್ಯಕ್ಕೆ ನನ್ನ ಯಜಮಾನರನ್ನು ಕ್ರೀಡಾಂಗಣದ ಒಳಗೆ ಬಿಟ್ಟುಕೊಳ್ಳುವ ಬಗ್ಗೆ.

ಉಲ್ಲೇಖ: 1) ದಿನಸಿ ಅಂಗಡಿಯಲ್ಲಿ ತಾವು ನನ್ನ ಕಿವಿಯಲ್ಲಿ ಹೇಳಿದ ಮಾತು: "ತಪ್ಪು ತಿಳ್ಕೋಬೇಡಿ ಲವೋನ್, ಶನಿವಾರ ನೀವೊಬ್ರೇ ಬಂದ್ರೆ ಒಳ್ಳೇದು."
2) ಆರ್ಲೀನಳ ಹೋಟೆಲಿನಲ್ಲಿ ಊರಿನವರು ಕೈಯೆತ್ತಿ ಮಾಡಿದ ತೀರ್ಮಾನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಯಜಮಾನರಾದ ಎಲ್ಡನ್ ಹ್ರಾಬಿಕ್ ಅವರು ಕೆಟ್ಟವರಲ್ಲ. ಅವರ ಕಣ್ಣು ಮಾತ್ರ ಕೆಟ್ಟದ್ದು ಎಂಬುದು ಊರಿನ ವಾದ. ಅವರು ನೋಡಿದರೆ 'ಹುಲ್ಲುಕೋಳಿಗಳು' ಎಂಬ ಹೆಸರಿನ ನಮ್ಮ ಕಾಲೇಜು ತಂಡ ಸೋಲುತ್ತದೆ, ನೋಡದಿದ್ದರೆ ಗೆಲ್ಲುತ್ತದೆ ಎಂಬುದು ಈ ಸಲದ ಪಂದ್ಯಗಳಲ್ಲಿ ಸಾಬೀತಾಗಿದೆಯಂತೆ. ಸದರಿ ಸಾಬೀತಿನ ವಿವರ ಈ ಕೆಳಕಂಡಂತಿದೆ:

1. ಮೊದಲ ಪಂದ್ಯದ ನಡುವೆ ಯಜಮಾನರು ಮೂತ್ರವಿಸರ್ಜನೆಗೆಂದು ಎದ್ದುಹೋದಾಗ ನಮ್ಮವರು ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಗೆರೆ ದಾಟಿಸಿ ಅಂಕ ಗಳಿಸಿದರು. ಅವರು ವಾಪಸು ಬಂದು ಕೂತ ಕೂಡಲೇ ನಮ್ಮ ಹುಡುಗನ ಕೈಯಿಂದ ಚೆಂಡು ಜಾರಿತು. ಹಿಂದಿನ ಸಾಲಿನಲ್ಲಿದ್ದ ಪಾಸ್ಟರ್ ಲುಂಡ್ ಅವರು ಮುಂದಕ್ಕೆ ಬಗ್ಗಿ, "ಎಲ್ಡನ್, ಇನ್ನೊಂದ್ಸಲ ಹೋಗ್ಬಾರ್ದಾ?" ಎಂದು ಕೇಳಿದರು. ಬಡಪಾಯಿ, ಬರದಿದ್ದರೂ ಹೋಗಿ ನಿಂತರು. ನಾವು ಗೆದ್ದೆವು. ಕಾರಣ, ಊರಿಗೆ ಅನುಮಾನ ಬಂತು.

2. ಎರಡನೇ ಪಂದ್ಯವನ್ನು ಪೂರ್ತಿ ಕೂತು ನೋಡಿದರು. ಸೋತೆವು. ಕಾರಣ, ಅನುಮಾನ ಗಟ್ಟಿಯಾಯಿತು.

3. ಮೂರನೆಯದಕ್ಕೆ ಅವರನ್ನು ಹೊರಗಿಡಲಾಯಿತು. ಹೊಲದಲ್ಲಿ ಜೋಳ ಕಟಾವಿನ ಯಂತ್ರ ಓಡಿಸುತ್ತಿದ್ದರು, ರೇಡಿಯೋ ಕೂಡ ಹಾಕಿರಲಿಲ್ಲ. ಆದರೂ ಸೋತೆವು. ಸದ್ಯ, ಅಪವಾದ ಕಳೆಯಿತಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಆದರೆ ಅಂದು ಸಂಜೆ ಆರ್ಲೀನಳ ಹೋಟೆಲಿನಲ್ಲಿ ವಿಚಾರಣೆ ಏರ್ಪಟ್ಟು, ಯಂತ್ರದಲ್ಲಿ ಕೂತು ಪಂದ್ಯದ ಬಗ್ಗೆ ಯೋಚಿಸಿದಿರೋ ಇಲ್ಲವೋ ಎಂದು ಅವರನ್ನು ಕೇಳಲಾಯಿತು. ಯಜಮಾನರಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಸ್ವಲ್ಪ ಯೋಚಿಸ್ದೆ" ಎಂದುಬಿಟ್ಟರು. ಅಲ್ಲಿಗೆ ಕೇಸು ಮುಗಿಯಿತು.

4. ಅಂದಿನಿಂದ ಪ್ರತಿ ಪಂದ್ಯದ ಹೊತ್ತಿಗೆ ಪಾಸ್ಟರ್ ಅವರು ಯಜಮಾನರನ್ನು ಚರ್ಚಿನ ನೆಲಮಾಳಿಗೆಗೆ ಕಳಿಸಿ, ಮಡಚುವ ಕುರ್ಚಿಗಳಿಗೆ ಎಣ್ಣೆ ಹಾಕಿಸುತ್ತಿದ್ದಾರೆ. ಮೂಢನಂಬಿಕೆ ಪಾಪ ಎಂದು ಭಾನುವಾರ ಉಪದೇಶ ಮಾಡುವವರೂ ಇವರೇ. ಕುರ್ಚಿಗಳು ಕುಡಿದ ಎಣ್ಣೆ ಕೂತವರ ಪ್ಯಾಂಟಿಗೆ ಹತ್ತುತ್ತಿದೆ, ತಂಡ ಒಂದೇ ಸಮನೆ ಗೆಲ್ಲುತ್ತಿದೆ. ಶನಿವಾರವೂ ಗೆದ್ದರೆ ಕಾಲೇಜು ಹುಟ್ಟಿದ ಮೇಲೆ ಮೊದಲ ಸಲ ಮುಂದಿನ ಸುತ್ತಿಗೆ ಹೋಗುತ್ತೇವೆ. ಊರಿನ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದು ತಾವು ದಯವಿಟ್ಟು ಭಾವಿಸಬಾರದು. ಮೊದಲ ಗೆಲುವಿನ ದಿನ ಹಾಕಿದ್ದ ಕಾಲುಚೀಲವನ್ನು ನಾನೂ ಇದುವರೆಗೆ ಒಗೆದಿಲ್ಲ.

5. ಆದರೆ ಶನಿವಾರದ್ದು ನಮ್ಮೂರಿನ ಮೈದಾನದಲ್ಲಿ ಟ್ಯಾನರನ ಕೊನೆಯ ಪಂದ್ಯ. ಕೊನೆಯ ವರ್ಷದ ಹುಡುಗರು ಅಪ್ಪ ಅಮ್ಮನ ಕೈ ಹಿಡಿದು ಮೈದಾನದ ನಡುವಿಗೆ ನಡೆಯುವ ದಿನ, ತಾಯಂದಿರಿಗೆ ಕಾಲೇಜಿನವರು ಹೂವು ಕೊಡುವ ದಿನ. ಬಗ್ಗಿ ನಿಂತು ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದೇ ನನ್ನ ಮಗನ ಉದ್ಯೋಗ. ಅವನ ಮುಖ ಯಾವ ಪ್ರೇಕ್ಷಕರಿಗೂ ಗೊತ್ತಿಲ್ಲ. ಆ ಎಸೆತವನ್ನು ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಟೈರು ನೇತುಹಾಕಿ ಕಲಿಸಿದವರು ಯಜಮಾನರೇ. ಕಳೆದ ವಾರ ಮಗ ಊಟಕ್ಕೆ ಬಂದವನು, ಅಪ್ಪ ಆ ಕಡೆ ಹೋದ ಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದ: "ಅಮ್ಮಾ, ಬಗ್ಗಿದಾಗ ನಂಗೆ ಗ್ಯಾಲರಿ ತಲೆಕೆಳಗಾಗಿ ಕಾಣುತ್ತೆ. ಪ್ರತಿ ಸಲ ನಿನ್ ಪಕ್ಕದ ಸೀಟೇ ಕಣ್ಣಿಗೆ ಬೀಳೋದು. ಅಪ್ಪ ಬರ್ಲಿ. ಸೋತ್ರೆ ಸೋಲ್ತೀವಿ." ನನಗೆ ಅಳು ಬಂತು. ಪಾತ್ರೆ ತೊಳೆಯುವ ನೆಪದಲ್ಲಿ ತಿರುಗಿಕೊಂಡೆ.

6. ಈ ಅಂಶ ಗೋಪ್ಯ. ಕಳೆದ ತಿಂಗಳು ಹಳೆ ವಿದ್ಯಾರ್ಥಿಗಳೆಲ್ಲ ಬಂದಿದ್ದ ಪಂದ್ಯದ ದಿನ ಯಜಮಾನರು ಎಣ್ಣೆಡಬ್ಬಿ ಕೆಳಗಿಟ್ಟು, ಚರ್ಚಿನ ಹಿಂಬಾಗಿಲಿನಿಂದ ಹೊರಬಿದ್ದು, ಸಹಕಾರ ಸಂಘದ ಧಾನ್ಯದ ಗೋಪುರ ಹತ್ತಿ ಇಡೀ ಪಂದ್ಯ ನೋಡಿದ್ದಾರೆ. ಆ ದಿನ ನಾವು ಗೆದ್ದಿದ್ದೇವೆ. ಅಷ್ಟು ಎತ್ತರದಿಂದ ಮನುಷ್ಯರು ಇರುವೆಯಂತೆ ಕಂಡರಂತೆ, ಮಗನನ್ನು ಹಿಂಭಾಗದಿಂದ ಗುರುತಿಸಿದರಂತೆ. ಮಂಡಿ ಹಿಡಿದುಕೊಂಡು ಮನೆಗೆ ಬಂದು, "ಎಸೆತ ನೇರ ಇತ್ತು ಕಣೇ" ಎಂದಷ್ಟೇ ಹೇಳಿ ಮಲಗಿದರು. ಇದನ್ನು ಊರಿಗೆ ಹೇಳಿ ನಿರ್ದೋಷಿ ಅನ್ನಿಸಿಕೊಳ್ಳಿ ಎಂದು ನಾನು ಎಷ್ಟೋ ಹೇಳಿದೆ. ಅವರು ಕೇಳಲಿಲ್ಲ. ಹೇಳಿದರೆ ಊರಿನವರು ಕ್ಷಮೆ ಕೇಳುವುದಿಲ್ಲ, ಪ್ರತಿ ಪಂದ್ಯಕ್ಕೂ ಗೋಪುರ ಹತ್ತಿಸುತ್ತಾರೆ ಎಂಬುದು ಅವರ ಭಯ. ಆ ಭಯ ಸರಿಯಾದದ್ದೇ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಪರಾಂಬರಿಸಿ, ಯಜಮಾನರನ್ನು ಮಗನ ಜೊತೆ ನಡೆಯಲೂ, ಆಮೇಲೆ ನನ್ನ ಪಕ್ಕದಲ್ಲಿ ಕೂರಲೂ ಬಿಡಬೇಕು. ತಂಡದ ಹಿತದೃಷ್ಟಿಯಿಂದ ಅವರ ತಲೆಗೆ ಕಾಗದದ ಚೀಲ ತೊಡಿಸಿ ಕೂರಿಸಲು ನಾನು ಸಿದ್ಧಳಿದ್ದೇನೆ. ಟ್ಯಾನರ್ ಬಗ್ಗಿದಾಗ ತೆಗೆಯುತ್ತೇನೆ, ಎಸೆತವಾದ ಕೂಡಲೇ ಹಾಕುತ್ತೇನೆ. ಆ ಗಳಿಗೆಯಲ್ಲಿ ಮಗನ ಕಣ್ಣಿಗೆ ಅವರು ತಲೆಕೆಳಗಾಗಿ ಕಾಣುವುದರಿಂದ, ಅವರ ದೃಷ್ಟಿಯೂ ತಲೆಕೆಳಗಾಗಿ ಎದುರಾಳಿಗಳಿಗೇ ತಾಗುವ ಸಂಭವವಿದೆ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ.

ತಮ್ಮ ವಿಶ್ವಾಸಿ, ಕಾಲುಚೀಲ ಇನ್ನೂ ಒಗೆಯದ,
ಲವೋನ್ ಹ್ರಾಬಿಕ್

ಲಗತ್ತುಗಳು:
1. ಕಾಗದದ ಚೀಲ. ಕಣ್ಣಿಗೆ ತೂತು ಮಾಡಿಲ್ಲ, ತಾವು ಪರೀಕ್ಷಿಸಬಹುದು.
2. ಪ್ಲಮ್ ಹಣ್ಣಿನ ಹೂರಣವಿಟ್ಟ ಕೊಲಾಚೆ ಬನ್ನು, ಒಂದು ತಟ್ಟೆ. ಇದು ಲಂಚವಲ್ಲ. ತಟ್ಟೆ ವಾಪಸು ಬೇಕು.

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ ಗೋಪುರದ ಏಣಿಯ ಬೀಗವನ್ನು ಶನಿವಾರ ತೆಗೆದಿಡಲು ಸಹಕಾರ ಸಂಘದವರಿಗೆ ತಾವೇ ಒಂದು ಮಾತು ಹೇಳಬೇಕು. ಯಜಮಾನರ ಮಂಡಿ ಸರಿಯಿಲ್ಲದ ಕಾರಣ ನಾನೂ ಜೊತೆಗೆ ಹತ್ತುವವಳಿದ್ದೇನೆ. ನನ್ನ ಪಾಲಿನ ಹೂವನ್ನು ಏಣಿಯ ಬುಡಕ್ಕೆ ಕಳುಹಿಸಿಕೊಡಬೇಕಾಗಿ ವಿನಂತಿ.