ಬಾಹ್ಯಾಕಾಶಕ್ಕೆ ಹೊರಟವಳ ಕಣ್ಣು

ಹೆದರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಹಂಪಿಯ ಮಾತಂಗ ಬೆಟ್ಟಕ್ಕೆ ನೆಂಟರನ್ನು ಕರೆದೊಯ್ದರೂ ನಾನು ಕೆಳಗೇ ಕೂತು ಅವರ ಚೀಲ ಕಾಯುತ್ತೇನೆ. ಇಂಥವನ ಮಗಳು, ಒಂಬತ್ತನೇ ತರಗತಿಯ ಅಕ್ಷತಾ, ಗಗನಯಾತ್ರಿ ಆಗುತ್ತೇನೆಂದು ನಮ್ಮ ಚಿತ್ತವಾಡ್ಗಿಯ ಓಣಿಗೆಲ್ಲ ಸಾರಿಬಿಟ್ಟಿದ್ದಳು. ನಾನೂ ನಕ್ಕು ಸುಮ್ಮನಿದ್ದೆ, ಒಂದು ದಿನ ಪತ್ರಿಕೆಯಲ್ಲಿ ಗಗನಯಾತ್ರಿಗಳ ಸುದ್ದಿ ಓದುವವರೆಗೆ.

ಬಾಹ್ಯಾಕಾಶದಲ್ಲಿ ತೂಕವಿಲ್ಲದ್ದರಿಂದ ಮೈಯೊಳಗಿನ ದ್ರವ ತಲೆಯ ಕಡೆಗೆ ಏರುತ್ತದಂತೆ. ತಿಂಗಳುಗಟ್ಟಲೆ ಇದ್ದವರಲ್ಲಿ ಕೆಲವರ ಕಣ್ಣುಗುಡ್ಡೆ ಹಿಂಬದಿಯಲ್ಲಿ ಚಪ್ಪಟೆಯಾಗಿ, ಹತ್ತಿರದ ಅಕ್ಷರ ಮಸುಕಾಗುತ್ತದಂತೆ. ನನ್ನ ಕೈಲಿದ್ದ ಚಹಾ ಆರಿಹೋಯಿತು. ಹೆಂಡತಿಗೆ ಓದಿ ಹೇಳಿದೆ. "ಅಕಿ ಇನ್ನಾ ಸ್ಕೂಟಿ ಹತ್ತಿಲ್ಲ, ನೀವು ರಾಕೆಟ್ಟಿಂದ ಇಳಿಸಾಕ ಹೊಂಟೀರಿ. ಸುಮ್ನ ಕುಂದರ್ರಿ" ಎಂದಳು.

ಸುಮ್ಮನೆ ಕೂರುವುದು ನನಗೆ ಬಾರದು. ಈಗಿನ ಕಣ್ಣು ಹೇಗಿದೆಯೆಂದು ಬರೆಸಿಟ್ಟರೆ ಮುಂದೆ ಹೋಲಿಸಿ ನೋಡಬಹುದೆಂದು, ಶನಿವಾರ ಮಗಳನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ದಾರಿಯುದ್ದಕ್ಕೂ "ಬ್ಯಾಡಪ್ಪಾ" ಎನ್ನುತ್ತಿದ್ದಳು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಎರಡು ಸಾಲು ಓದಿ ನಿಂತುಬಿಟ್ಟಳು.

"ದೂರದ್ದು ಭಾಳ ಮಸುಕು ಐತಲ್ಲ. ಶಾಲ್ಯಾಗ ಬೋರ್ಡ್ ಹೆಂಗ ಓದ್ತೀಯವ್ವಾ?" ಎಂದರು ಡಾಕ್ಟರು.

"ಬಾಜೂದಾಕಿ ನೋಟ್ಸ್ ನೋಡಿ ಬರ್ಕೊಂತೀನ್ರಿ" ಎಂದವಳೇ ಅಳತೊಡಗಿದಳು. ಕನ್ನಡಕ ಬಂದರೆ ರಾಕೆಟ್ಟಿಗೆ ಹತ್ತಿಸುವುದಿಲ್ಲವೆಂದು ಒಂದು ವರ್ಷದಿಂದ ಮುಚ್ಚಿಟ್ಟಿದ್ದಳಂತೆ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು. ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ! ಆದರೆ ಡಾಕ್ಟರು, "ಅಳಬ್ಯಾಡ. ಕನ್ನಡಕ ಹಾಕ್ಕೊಂಡವರೂ ಹೋಗ್ತಾರವ್ವಾ. ಅಲ್ಲಿ ಕಣ್ಣು ಬದಲಾಗ್ತಾವಂತ ಬ್ಯಾರೆ ನಂಬರಿನವೂ ಒಯ್ತಾರ" ಎಂದುಬಿಟ್ಟರು. ಮಗಳು ಕಣ್ಣೊರೆಸಿಕೊಂಡು ಕೇಳಿದಳು: "ನಂದು ದೂರದ್ದು ಕಾಣದ ಮೈನಸ್, ಅಪ್ಪ ಓದಿದಂಗ ಅಲ್ಲಿ ಆಗೋದು ಹತ್ತಿರದ್ದು ಕಾಣದ ಪ್ಲಸ್. ಹಂಗಾದ್ರ ಅಲ್ಲಿಗೆ ಹೋದಮ್ಯಾಲೆ ನನ್ನ ಕಣ್ಣು ಸರಿ ಆಗ್ತಾವೇನ್ರಿ?" ಡಾಕ್ಟರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ವಾರ ಕನ್ನಡಕ ಬಂತು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎದುರಿನ ಬಸ್ಸುಗಳ ಬೋರ್ಡುಗಳನ್ನು "ಸಂಡೂರು, ಕಂಪ್ಲಿ" ಎಂದು ಗಟ್ಟಿಯಾಗಿ ಓದಿದಳು. ಇಷ್ಟು ದಿನ ಇವಳಿಗೆ ಇವೇನೂ ಕಂಡಿರಲಿಲ್ಲವಲ್ಲ! ಅಷ್ಟರಲ್ಲಿ ಅವಳು ಕತ್ತೆತ್ತಿದಳು. ಸಂಜೆಯ ಬೆಳಕಿನಲ್ಲೇ ಅರ್ಧ ಚಂದ್ರ ಮೇಲೆ ಬಂದಿದ್ದ. "ಅಪ್ಪಾ, ಅದ್ರಾಗಿನ ಕಲೆ ಸೈತ ಕಾಣ್ತಾವ!" ಎಂದು ನಿಂತೇಬಿಟ್ಟಳು.

ನಾನು ರಸ್ತೆಗಿಳಿದು, "ಜಲ್ದಿ ಬಾ, ನಮ್ಮ ಬಸ್ ಹೊಂಟೈತಿ" ಎಂದು ಕೂಗಿದೆ. ನಾವು ಬಂದದ್ದು ಆಟೋದಲ್ಲಿ.

"ಯಾವ ಬಸ್ಸಪ್ಪಾ?" ಎಂದು ಅವಳು ಚಂದ್ರನನ್ನು ಬಿಟ್ಟು ಅಲ್ಲಿಂದಲೇ ನನ್ನ ಮುಖವನ್ನು ನೋಡಿದಳು. ಈಗ ಅದರ ಮೇಲಿನ ಹೆದರಿಕೆಯೂ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತೆಂದು ತೋರುತ್ತದೆ.