ಬನಶಂಕರಿಯನ್ನು ಕರೆಯುವ ರಾಗ

ಉಗ್ಗುವವರನ್ನು ಕಂಡರೆ ಜನ ಬಹಳ ಒಳ್ಳೆಯವರಾಗಿಬಿಡುತ್ತಾರೆ. ನಾವು ಮಾತು ಶುರು ಮಾಡಿದರೆ ಸಾಕು, ಮುಗಿಸಿಕೊಡಲು ತಯಾರು. ಅವರು ಮುಗಿಸುವುದು ನಮ್ಮ ಮಾತನ್ನಲ್ಲ ಎನ್ನುವುದಷ್ಟೇ ತೊಂದರೆ. ಹೋಟೆಲಿನಲ್ಲಿ ನಾನು “ಬ... ಬ...” ಎಂದರೆ ಬೆಣ್ಣೆದೋಸೆ ಬರುತ್ತದೆ. ನನಗೆ ಬೇಕಾಗಿದ್ದದ್ದು ಬಿಸಿನೀರು. ಸುಮ್ಮನೆ ತಿಂದು ಏಳುತ್ತೇನೆ.

ನನ್ನ ಉಗ್ಗು ಎಲ್ಲ ಅಕ್ಷರಕ್ಕೂ ಇಲ್ಲ, ‘ಬ’ ಒಂದಕ್ಕೇ. ಬರೆಯುವಾಗ ಅದೂ ಇಲ್ಲ, ಅದಕ್ಕೇ ಇಲ್ಲಿ ಇಷ್ಟು ಧಾರಾಳ. ಬಸವಾಪಟ್ಟಣಕ್ಕೆ ಹೋಗಬೇಕಾದರೆ ಮುಂದಿನ ಊರಿಗೆ ಟಿಕೆಟ್ ತೆಗೆಸಿ ನಡುವೆ ಇಳಿದುಬಿಡುವವನು ನಾನು. ಇಂಥವನಿಗೆ ಗಂಟುಬಿದ್ದ ಹೆಣ್ಣಿನ ಹೆಸರು ಬನಶಂಕರಿ.

ಮದುವೆಯಾಗಿ ಮನೆಗೆ ಬಂದ ದಿನ ನಮ್ಮಕ್ಕ ಬಾಗಿಲಿಗೆ ಅಡ್ಡ ನಿಂತಳು. “ಹೆಂಡ್ತಿ ಹೆಸರು ಹೇಳು, ಒಳಗೆ ಬಿಡ್ತೀನಿ.” ಹುಡುಗಿ ಆಗಲೇ ಒಡಪು ಕಟ್ಟಿ ನನ್ನ ಹೆಸರು ಹೇಳಿ ಮುಗಿಸಿದ್ದಳು. ನಾನು ಹೊಸ್ತಿಲಲ್ಲಿ ಬೆವರುತ್ತ ನಿಂತೆ. ಒಳಗೆ ಊಟ ಆರುತ್ತಿತ್ತು. ಕೊನೆಗೆ ಇವಳೇ ಮೆಲ್ಲಗೆ, “ಹಾಡಿ ಹೇಳ್ರಿ, ಹಾಡೋವಾಗ ಉಗ್ಗು ಬರಲ್ಲಂತೆ” ಎಂದಳು. ಹಾಡಿದೆ. ಸಲೀಸಾಗಿ ಬಂತು. ಅಂದಿನಿಂದ ನಾನು ಅವಳನ್ನು ಹಾಡಿಯೇ ಕರೆಯುವುದು. ಜಗಳದಲ್ಲೂ ರಾಗ ಎಳೆಯಬೇಕಾದ್ದರಿಂದ ಇದುವರೆಗೆ ಒಂದು ಜಗಳವನ್ನೂ ಗೆದ್ದಿಲ್ಲ.

ಮೊನ್ನೆ ನ್ಯಾಮತಿಗೆ, ಅವಳ ತಂಗಿಯ ಮಗುವಿನ ನಾಮಕರಣಕ್ಕೆ ಹೊರಟಿದ್ದೆವು. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನಾನು ಹೂವು ಕೊಳ್ಳುತ್ತಿದ್ದಾಗ ಇವಳು ಸೀಟು ಹಿಡಿಯುವ ಆತುರದಲ್ಲಿ ಜಗಳೂರಿನ ಬಸ್ಸು ಹತ್ತಿಬಿಟ್ಟಳು. ಅವಳ ಫೋನು ನನ್ನ ಕೈಚೀಲದಲ್ಲಿತ್ತು. ಬಸ್ಸು ಹೊರಟೇಬಿಟ್ಟಿತು. “ಲೇ, ಇವಳೇ” ಎಂದು ಕೂಗಿದೆ. ಸ್ಟ್ಯಾಂಡಿನ ಹೆಂಗಸರೆಲ್ಲ ತಿರುಗಿ ನೋಡಿದರು, ಇವಳೊಬ್ಬಳನ್ನು ಬಿಟ್ಟು. ನಾಚಿಕೆಯಿಂದ ಸಾಯುವಂತಾಯಿತು. ಆದರೂ ಹೆಂಡತಿ ಜಗಳೂರಿಗೆ ಹೋಗುವುದಕ್ಕಿಂತ ಮರ್ಯಾದೆ ಹೋಗುವುದೇ ವಾಸಿ ಎಂದುಕೊಂಡು, ಕಣ್ಣು ಮುಚ್ಚಿ, ಕೈ ಚಾಚಿ, “ಬನಶಂಕರೀ...” ಎಂದು ಉಸಿರಿರುವಷ್ಟೂ ಎಳೆದೆ.

ಬಸ್ಸು ನಿಂತ ಸದ್ದು ಕೇಳಿತು. ಕಣ್ಣು ಬಿಟ್ಟರೆ, ಯಾವುದೋ ಊರಿನ ಅಜ್ಜಿಯೊಬ್ಬಳು ನನ್ನ ಚಾಚಿದ ಕೈಗೆ ಬಾಳೆಹಣ್ಣು ಇಡುತ್ತಿದ್ದಾಳೆ. “ಗಂಟಲು ಚೆನ್ನಾಗೈತಪ್ಪ. ತಿಂದು ಹಾಡು” ಎಂದು ಮುಂದೆ ನಡೆದಳು.

ಇಳಿದು ಬಂದ ಬನಶಂಕರಿ ಆ ಹಣ್ಣನ್ನು ಸುಲಿದು ಅರ್ಧ ಬಾಯಿಗೆ ಹಾಕಿಕೊಂಡಳು. “ರೀ, ಹೊನ್ನಾಳಿಯಾಗೆ ಬಸ್ಸು ಬದಲಾಯಿಸ್ಬೇಕಲ್ಲ, ಅಲ್ಲೂ ಒಂದ್ಸಲ ಹಾಡ್ರಿ. ತಂಗಿ ಮನೆಗೆ ಹಣ್ಣು ತಗಳಾಕೆ ಮರ್ತೀನಿ.”

ಬೇಡ ಎನ್ನಲು ಹೊರಟೆ. “ಬ... ಬ...” ಎಂದೆ.

“ಆಗ್ಲಿ ಬಿಡ್ರಿ, ಬಾಳೆಹಣ್ಣೇ ಸಾಕು” ಎಂದಳು.

ಹೊನ್ನಾಳಿ ಬರುವಷ್ಟರಲ್ಲಿ ನಾನು ಇನ್ನೂ ಒಳ್ಳೆಯ ರಾಗವೊಂದನ್ನು ಆರಿಸಿಕೊಂಡಿದ್ದೆ.